ಅರ್ಧ ಪಿಕ್ಚರ್ ನೋಡಿದವಳು

ಒಂದು ಸಿನಿಮಾ ತೋರಿಸುವುದಕ್ಕೆ ದೀಪ ಯಾಕೆ ಹಚ್ಚಬೇಕು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಪರದೆ ಇದೆ, ಪ್ರೊಜೆಕ್ಟರ್ ಇದೆ, ನೋಡಲು ಬಂದ ಜನ ಇದ್ದಾರೆ. ಲೈಟ್ ಆರಿಸಿದರೆ ಮುಗಿಯಿತು. ಆದರೆ ನಮ್ಮೂರಿನಲ್ಲಿ ಹಾಗೆ ನಡೆಯುವುದಿಲ್ಲ. ಮೊದಲು ಪ್ರಾರ್ಥನೆ. ಆಮೇಲೆ ಸ್ವಾಗತ. ಆಮೇಲೆ ಐದು ಜನ ಗಣ್ಯರು ಒಂದೇ ಮೇಣದಬತ್ತಿಗೆ ಕೈ ಹಚ್ಚಿ, ದೀಪ ನೋಡದೆ ಕ್ಯಾಮೆರಾ ನೋಡುತ್ತಾ ನಿಲ್ಲಬೇಕು. ಫ್ಯಾನಿನ ಗಾಳಿಗೆ ದೀಪ ಆರಬೇಕು, ಯಾರಾದರೂ ಓಡಿಹೋಗಿ ಫ್ಯಾನ್ ಆಫ್ ಮಾಡಬೇಕು. ಶಾಲು, ಪೇಟ, ಹಣ್ಣಿನ ಬುಟ್ಟಿ. ಇಷ್ಟೆಲ್ಲ ಆದ ಮೇಲೆ ಮುಖ್ಯ ಅತಿಥಿಗಳು ಎರಡು ಮಾತು ಆಡುತ್ತೇನೆ ಎಂದು ಮೈಕಿನ ಮುಂದೆ ನಿಂತು ಮುಕ್ಕಾಲು ಗಂಟೆ ಅಲ್ಲಾಡುವುದಿಲ್ಲ.

ಸರಸ್ವತಿಪುರಂನ ಒಂದು ಸಣ್ಣ ಸಭಾಂಗಣದಲ್ಲಿ ಆ ಭಾನುವಾರ ಬೆಳಿಗ್ಗೆ ನಡೆದಿದ್ದು ಇದೇ. ಹಳೆಯ ಸಿನಿಮಾಗಳನ್ನು ಹುಡುಕಿ ತಂದು ತೋರಿಸುವ ಒಂದು ಬಳಗದವರು, ಪ್ರಿಂಟೇ ಉಳಿದಿಲ್ಲ ಎಂದುಕೊಂಡಿದ್ದ ಒಂದು ಕಪ್ಪು-ಬಿಳುಪು ಸಸ್ಪೆನ್ಸ್ ಚಿತ್ರವನ್ನು ಎಲ್ಲಿಂದಲೋ ಸಂಪಾದಿಸಿದ್ದರು. ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲಿನ ಸುದ್ದಿ ಓದಿ, ಶ್ರೀರಾಂಪುರದಿಂದ ಆಟೋ ಮಾಡಿಕೊಂಡು, ಎಂಬತ್ತೊಂದು ವರ್ಷದ ಅಮ್ಮನನ್ನು ಕೈಹಿಡಿದು ಮೂರನೇ ಸಾಲಿನಲ್ಲಿ ಕೂರಿಸಿದ್ದೆ. ಬಂದಿದ್ದವರಲ್ಲಿ ಅರ್ಧ ಜನ ಆ ಚಿತ್ರದ ಹಾಡು ಕೇಳಲು ಬಂದವರು, ಇನ್ನರ್ಧ ತಿಂಡಿಗೆ ಬಂದವರು. ಅದರ ಕೊನೆ ತಿಳಿಯಲೇಬೇಕೆಂದು ಐವತ್ತೇಳು ವರ್ಷ ಕಾದು ಬಂದವಳು ನಮ್ಮಮ್ಮ ಒಬ್ಬಳೇ.

ಆ ಚಿತ್ರ ಬಿಡುಗಡೆಯಾದಾಗ ನಾನು ಎಂಟು ತಿಂಗಳ ಕೂಸು. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಅವರು, ಅವರ ಕಚೇರಿಯ ಸ್ನೇಹಿತರೊಬ್ಬರು, ಆ ಸ್ನೇಹಿತರ ಹೆಂಡತಿ, ಅಮ್ಮ, ಅಮ್ಮನ ತೊಡೆಯ ಮೇಲೆ ನಾನು, ಇಷ್ಟೂ ಜನ ಮ್ಯಾಟಿನಿಗೆ ಹೋಗಿದ್ದರಂತೆ. ಇಂಟರ್‌ವಲ್ ಮುಗಿದು ಚಿತ್ರ ಮತ್ತೆ ಶುರುವಾಗುವ ಹೊತ್ತಿಗೆ ನಾನು ಥಿಯೇಟರ್ ಹಾರಿಹೋಗುವ ಹಾಗೆ ಕಿರುಚಲು ಹಿಡಿದೆನಂತೆ. ಅಮ್ಮ ನನ್ನನ್ನೆತ್ತಿಕೊಂಡು ಹೊರಗೆ ಹೋದವಳು ಕೊನೆಯವರೆಗೂ ವೆರಾಂಡದ ಬೆಂಚಿನ ಮೇಲೆ ಕೂತಿದ್ದಳಂತೆ. ಒಳಗಿನಿಂದ ಸಂಗೀತ ಕೇಳುತ್ತಿತ್ತು, ಜನ ಹೌಹಾರಿದ್ದು ಕೇಳುತ್ತಿತ್ತು. ಯಾರು ಕೊಂದರು ಎನ್ನುವುದು ಮಾತ್ರ ತಿಳಿಯಲಿಲ್ಲ.

ಈ ಪ್ರಸಂಗ ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಲ್ಪಟ್ಟಿದೆ ಎಂದರೆ, ನನ್ನ ಮದುವೆಯ ಬೀಗರ ಊಟದಲ್ಲಿ ಸಹ ಅಪ್ಪ ಇದನ್ನು ಹೇಳಿ ನಗಿಸಿದ್ದರು. "ಇವಳು ಸಾಮಾನ್ಯಳಲ್ಲ ಕಣ್ರೀ. ಎಂಟ್ ತಿಂಗಳಿಗೇ ಅವರಮ್ಮನ್ನ ಥಿಯೇಟರಿನಿಂದ ಹೊರಗೆ ಹಾಕಿಸಿದೋಳು." ಎಲ್ಲರೂ ನಕ್ಕರು. ಅಮ್ಮನೂ ತಲೆ ತಗ್ಗಿಸಿ ನಕ್ಕಳು. ನಾನು ಕ್ಷಮೆ ಕೇಳುವ ಮುಖ ಮಾಡಿದೆ, ಯಾಕೆಂದರೆ ಆ ಮುಖ ನನಗೆ ಚಿಕ್ಕಂದಿನಿಂದ ರೂಢಿಯಾಗಿತ್ತು.

ಕಥೆಯ ಮೊದಲರ್ಧವಂತೂ ನನಗೆ ಬಾಯಿಪಾಠ. ಜಡೆ ಹೆಣೆಯುತ್ತಾ ಅಮ್ಮ ನೂರು ಸಲ ಹೇಳಿದ್ದಾಳೆ. ಘಟ್ಟದ ಮೇಲೆ ಒಂದು ಸಣ್ಣ ಊರು, ಅಲ್ಲೊಂದು ಅಂಚೆ ಕಚೇರಿ. ಸತ್ತುಹೋದ ಸಾಹುಕಾರನೊಬ್ಬನ ಕೈಬರಹದಲ್ಲಿ ಊರಿನವರಿಗೆ ಒಬ್ಬೊಬ್ಬರಿಗೇ ಕಾಗದ ಬರತೊಡಗುತ್ತದೆ. ಕಾಗದ ಬಂದವರು ನಾಲ್ಕು ದಿನದೊಳಗೆ ಸಾಯುತ್ತಾರೆ. ಅನುಮಾನ ಪೋಸ್ಟ್‌ಮಾಸ್ಟರನ ಮೇಲೆ, ಕುಂಟುವ ಮೇಷ್ಟ್ರ ಮೇಲೆ, ಆಸ್ಪತ್ರೆಯ ಕಂಪೌಂಡರ್ ಮೇಲೆ. ಪೋಸ್ಟ್‌ಮಾಸ್ಟರನ ಹೆಂಡತಿ ಮಾತ್ರ ಪಾಪದ ಹೆಂಗಸು. ಓದು ಬರಹ ಬಾರದು. ಬಂದವರಿಗೆಲ್ಲ ಕಾಫಿ ಕೊಡುತ್ತಾಳೆ, ಗಂಡನ ಮೇಜಿನ ಮೇಲೆ ಕಾಗದ ಜೋಡಿಸಿಡುತ್ತಾಳೆ.

"ಅವಳೇ ಕಣೆ," ಎನ್ನುತ್ತಿದ್ದಳು ಅಮ್ಮ, ಜಡೆಯನ್ನು ಬಿಗಿಯಾಗಿ ಎಳೆದು. "ಓದಕ್ ಬರಲ್ಲ ಅಂತಾಳೆ. ಆದ್ರೆ ಕಾಗದ ಇಡುವಾಗ ಒಂದೊಂದನ್ನೂ ತಿರುಗ್ಸಿ, ನೆಟ್ಟಗೆ ಇಡ್ತಾಳೆ. ಅಕ್ಷರ ಗೊತ್ತಿಲ್ದೋರ್‌ಗೆ ಮ್ಯಾಲ್ಯಾವ್ದು ಕೆಳಗ್ಯಾವ್ದು ಅಂತ ಎಂಗೆ ಗೊತ್ತಾಯ್ತದೆ? ನಮ್ಮವ್ವ ಯಾವಾಗ್ಲೂ ಕಾಗದನ ತಲೆಕೆಳಗೇ ಹಿಡ್ಕೊಳೋಳು."

ಇಷ್ಟು ಹೇಳಿ, ಜಡೆಗೆ ಟೇಪು ಕಟ್ಟಿ, ತಾನೇ ತನ್ನ ಮಾತನ್ನು ಒರೆಸಿಹಾಕುತ್ತಿದ್ದಳು. "ಆದ್ರೆ ಅಲ್ವಂತೆ ಬುಡು. ನಿಮ್ಮಪ್ಪ ಅವತ್ತೇ, ಮನೆಗೆ ನಡ್ಕೊಂಡ್ ಬರುವಾಗ್ಲೇ ಹೇಳುದ್ರು, ನೀನು ಅಂದಿದ್ದು ಶುದ್ಧ ತಪ್ಪು ಅಂತ."

ಹಾಗಾದರೆ ಯಾರು ಎಂದು ಅಪ್ಪನನ್ನು ಕೇಳಿದರೆ, ಹೇಳಿಬಿಟ್ಟರೆ ಏನು ಸ್ವಾರಸ್ಯ, ಚಿತ್ರ ಮತ್ತೆ ಬರಲಿ, ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದರು. ಅದು ಮತ್ತೆ ಥಿಯೇಟರಿಗೆ ಬರಲಿಲ್ಲ. ಒಂದೇ ಒಂದು ಸಲ ಭಾನುವಾರ ಸಂಜೆ ಟಿವಿಯಲ್ಲಿ ಬಂತು. ಆ ದಿನವೇ ಅಪ್ಪ ಹೂಟಗಳ್ಳಿಯಲ್ಲಿ ದೂರದ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಲೇಬೇಕು ಎಂದು ಹಟ ಹಿಡಿದು ನಮ್ಮನ್ನೆಲ್ಲ ಬಸ್ಸು ಹತ್ತಿಸಿದರು. ಆ ನೆಂಟರ ಮನೆಗೆ ಅದಕ್ಕೆ ಮುಂಚೆಯೂ ನಾವು ಹೋಗಿರಲಿಲ್ಲ, ಆಮೇಲೂ ಹೋಗಲಿಲ್ಲ.

ಇದಿಷ್ಟೇ ಆಗಿದ್ದರೆ ಒಂದು ಸಿನಿಮಾದ ಮಾತು ಎಂದು ಬಿಡಬಹುದಿತ್ತು. ಆದರೆ ಆ ಅರ್ಧ ಚಿತ್ರ ನಮ್ಮ ಮನೆಯಲ್ಲಿ ಅಮ್ಮನ ಬಾಯಿ ಮುಚ್ಚಿಸುವ ಮಂತ್ರವಾಗಿತ್ತು. ಅಮ್ಮ ಯಾವ ವಿಷಯಕ್ಕೆ ಬಾಯಿ ಹಾಕಿದರೂ ಅಪ್ಪ, "ನೀನು ಸುಮ್ನಿರು, ಅರ್ಧ ಪಿಕ್ಚರ್ ನೋಡಿ ತೀರ್ಪು ಕೊಡೋಳು," ಎನ್ನುತ್ತಿದ್ದರು. ನನ್ನ ತಮ್ಮನಿಗೆ ಚಿಕ್ಕಂದಿನಲ್ಲಿ ಜ್ವರ ಬಂದಾಗ, ಕಣ್ಣು ಯಾಕೋ ಹಳದಿಯಾಗಿದೆ, ಇದು ಬರೀ ಜ್ವರ ಅಲ್ಲ ಎಂದು ಅಮ್ಮ ಹೇಳಿದ್ದಳು. ಆಗಲೂ ಅದೇ ಮಾತು. ಮೂರನೇ ದಿನ ಹುಡುಗನನ್ನು ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ಇಷ್ಟು ಕಾಮಾಲೆ ಏರುವ ತನಕ ಮನೆಯಲ್ಲಿ ಯಾರೂ ಕಣ್ಣು ನೋಡಲಿಲ್ಲವೇ ಎಂದು ಬೈದರು. ಆ ಬೈಗುಳವನ್ನೂ ಅಮ್ಮನೇ ತಿಂದಳು. ಬರಬರುತ್ತಾ ಅವಳೇ ಆ ಮಂತ್ರ ಕಲಿತುಬಿಟ್ಟಳು. ಏನು ಕೇಳಿದರೂ, "ನಂಗೇನ್ ಗೊತ್ತಾಯ್ತದೆ ಬುಡು, ನಾನು ಅರ್ಧ ಪಿಕ್ಚರ್ ನೋಡ್ದೋಳು," ಎಂದು ತಾನೇ ನಗುತ್ತಿದ್ದಳು. ಅಪ್ಪ ಹೋಗಿ ಒಂಬತ್ತು ವರ್ಷವಾದರೂ ಈ ಮಾತು ಹೋಗಿರಲಿಲ್ಲ.

ಹಾಗಾಗಿ ಮುಖ್ಯ ಅತಿಥಿಗಳು, ಅವರೊಬ್ಬ ನಿವೃತ್ತ ಪ್ರಾಧ್ಯಾಪಕರು, ಅಂದು ಚಿತ್ರದ ಕಥೆಯನ್ನೇ ಆರಂಭದಿಂದ ಹೇಳತೊಡಗಿದಾಗ ನಾನು ಗಡಿಯಾರ ನೋಡುವುದನ್ನು ಬಿಟ್ಟು ಅವರ ಬಾಯಿಯನ್ನೇ ನೋಡತೊಡಗಿದೆ.

ನಾನು ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಶಾಲೆ ತೆರೆದ ಮೊದಲ ದಿನವೇ ಮಕ್ಕಳ ಗೈಡುಗಳನ್ನೆಲ್ಲ ತರಿಸಿ, ಹಿಂದಿನ ಉತ್ತರದ ಪುಟಗಳನ್ನು ಸ್ಟೇಪಲ್ ಹೊಡೆದು ಮುಚ್ಚಿಬಿಡುತ್ತಿದ್ದೆ. ಮೊದಲೇ ಉತ್ತರ ನೋಡಿದವರಿಗೆ ಲೆಕ್ಕ ಬರುವುದಿಲ್ಲ. ಬಂದ ಹಾಗೆ ಕಾಣುತ್ತದೆ ಅಷ್ಟೆ. ಇಲ್ಲಿ ನೋಡಿದರೆ, ಶಾಲು ಹೊದ್ದು ಪೇಟ ಸುತ್ತಿಕೊಂಡ ಒಬ್ಬ ಮೇಷ್ಟ್ರು ಮೈಕ್ ಹಿಡಿದು ಉತ್ತರದ ಪುಟದ ಕಡೆಗೇ ನಡೆಯುತ್ತಿದ್ದಾರೆ. ಸಾಹುಕಾರ ಸತ್ತದ್ದಾಯಿತು, ಮೊದಲ ಕಾಗದ ಬಂತು, ಎರಡನೆಯದೂ ಬಂತು. ಸಭಿಕರು ತಲೆಯಾಡಿಸುತ್ತಿದ್ದಾರೆ. ಈಗ ನಿಲ್ಲಿಸಿಯಾರು, ಈಗ ನಿಲ್ಲಿಸಿಯಾರು ಎಂದು ಕಾದೆ. ಇಂಟರ್‌ವಲ್ ಕೂಡ ದಾಟಿದರು.

ನಾನು ಎದ್ದು ನಿಂತೆ.

"ಸಾರ್, ದಯವಿಟ್ಟು ಕೊನೆ ಹೇಳ್ಬೇಡಿ. ನಾವು ನೋಡೋಕೆ ಬಂದಿದ್ದೀವಿ."

ಸಭೆ ನನ್ನ ಕಡೆ ತಿರುಗಿತು. ಹಿಂದಿನ ಸಾಲಿನಿಂದ ಯಾರೋ, "ದೊಡ್ಡೋರು ಮಾತಾಡ್ತಾ ಇದ್ದಾರೆ, ಕೂತ್ಕೊಳ್ರಮ್ಮ," ಎಂದರು. ಸಂಘಟಕರೊಬ್ಬರು ಕೈಸನ್ನೆ ಮಾಡಿ ನನ್ನನ್ನು ಕೂರಿಸಲು ನೋಡಿದರು. ಅತಿಥಿಗಳಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿರುತ್ತಿತ್ತು. ಅವರು ದಡ್ಡ ವಿದ್ಯಾರ್ಥಿನಿಯನ್ನು ನೋಡುವ ಹಾಗೆ ಕನಿಕರದಿಂದ ನಕ್ಕರು.

"ತಾಯಿ, ಯಾರು ಕೊಂದರು ಅನ್ನೋದು ಮುಖ್ಯ ಅಲ್ಲ. ನಿರ್ದೇಶಕ ಅದನ್ನ ಹೇಗೆ ಹೇಳಿದ್ದಾನೆ ಅನ್ನೋದು ಮುಖ್ಯ. ಈಗ ನೋಡಿ, ಕೊಂದವಳು ಪೋಸ್ಟ್‌ಮಾಸ್ಟರ್ ಹೆಂಡತಿ ಅಂತ ನಾನು ಹೇಳಿಬಿಟ್ಟೆ. ನಿಮಗೇನು ನಷ್ಟ ಆಯ್ತು?"

ಸಭೆ ಚಪ್ಪಾಳೆ ತಟ್ಟಿತು! ಚಪ್ಪಾಳೆ. ಐವತ್ತೇಳು ವರ್ಷ ಕಾದವಳ ಬಾಯಿಂದ ತುತ್ತು ಕಿತ್ತುಕೊಂಡದ್ದಕ್ಕೆ ಚಪ್ಪಾಳೆ ತಟ್ಟಿದ ಆ ಕೈಗಳ ಮೇಲೆ ನನಗೆ ಈಗಲೂ ಸಿಟ್ಟಿದೆ. ಅಮ್ಮನ ಮುಖ ನೋಡಲು ಧೈರ್ಯ ಸಾಲದೆ ನಿಂತೇ ಇದ್ದೆ. ಅಮ್ಮ ನನ್ನ ಸೆರಗು ಹಿಡಿದು ಜಗ್ಗಿದಳು.

"ಕೂತ್ಕೊಳೇ, ಏನಾಯ್ತು ನಿಂಗೆ? ಆವಯ್ಯ ಏನಂದ್ರು?"

ಅವಳ ಕಿವಿಯಲ್ಲಿ ಮೆಷಿನ್ ಇರಲಿಲ್ಲ.

ಅಮ್ಮನಿಗೆ ಒಂದು ಅಭ್ಯಾಸ. ಯಾವ ಸಮಾರಂಭಕ್ಕೆ ಹೋಗಲಿ, ಭಾಷಣ ಶುರುವಾದ ಕೂಡಲೇ ಕಿವಿಯ ಮೆಷಿನ್ ತೆಗೆದು, ಕರ್ಚೀಫಿನಲ್ಲಿ ಸುತ್ತಿ ಪರ್ಸಿಗೆ ಹಾಕುತ್ತಾಳೆ. ಸೆಲ್ಲು ಸುಮ್ಮನೆ ಯಾಕೆ ಖರ್ಚಾಗಬೇಕು ಎನ್ನುವುದು ಅವಳ ವಾದ. ಈ ವಿಷಯಕ್ಕೆ ಅವಳನ್ನು ಎಷ್ಟೋ ಸಲ ಬೈದಿದ್ದೇನೆ. ಆ ದಿನ ಮಾತ್ರ ಆ ಪುಟ್ಟ ಪರ್ಸಿಗೆ ಕೈಮುಗಿಯಬೇಕೆನ್ನಿಸಿತು. "ಏನೂ ಇಲ್ಲ, ಸೆಖೆ, ಫ್ಯಾನ್ ಹಾಕಿ ಅಂದೆ," ಎಂದು ಸನ್ನೆಯಲ್ಲಿ ಹೇಳಿ ಕೂತೆ.

ಕೂತ ಮೇಲೆ, ವಂದನಾರ್ಪಣೆ ನಡೆಯುವಾಗ, ನಿಧಾನವಾಗಿ ಹೊಳೆಯಿತು. ಪೋಸ್ಟ್‌ಮಾಸ್ಟರನ ಹೆಂಡತಿ ಎಂದರೆ ಅಮ್ಮ ಹೇಳಿದ್ದವಳೇ. ಅಮ್ಮ ಹೇಳಿದ್ದು ಸರಿ. ಜಡೆ ಹಾಕುತ್ತಾ ನೂರು ಸಲ ಹೇಳಿ, ನೂರು ಸಲ ಅಲ್ಲ ಬುಡು ಎಂದು ತಾನೇ ಒರೆಸಿಹಾಕಿದ್ದು ಸರಿಯಾದ ಉತ್ತರವನ್ನೇ. ಹಾಗಾದರೆ ಅಪ್ಪ? ಕೊನೆಯವರೆಗೂ ಒಳಗೆ ಕೂತು ನೋಡಿದ ಅಪ್ಪ?

ಅಪ್ಪ ಮರೆತಿದ್ದರು ಎನ್ನಲು ಸಾಧ್ಯವಿಲ್ಲ. ಚಿತ್ರ ಮುಗಿದು ಅರ್ಧ ಗಂಟೆಯೊಳಗೆ, ಮನೆಗೆ ನಡೆದು ಬರುವ ದಾರಿಯಲ್ಲಿ ತಪ್ಪು ಎಂದಿದ್ದರು. ಗೊತ್ತಿದ್ದೇ ಸುಳ್ಳು ಹೇಳಿದ್ದರು. ಹೇಳಿ, ಅದನ್ನೇ ಬೆತ್ತ ಮಾಡಿಕೊಂಡು ಜೀವನಪೂರ್ತಿ ಬೀಸಿದ್ದರು. ಹೂಟಗಳ್ಳಿಯ ಗೃಹಪ್ರವೇಶ ನೆನಪಾಗಿ ಮೈ ಉರಿಯಿತು. ಪ್ರಾಧ್ಯಾಪಕರ ಮೇಲಿನ ಸಿಟ್ಟು ಅಲ್ಲಿಗೇ ಪುಡಿಗಾಸಾಯಿತು.

ಲೈಟ್ ಆರಿತು. ಅಮ್ಮ ಮೆಷಿನ್ ಹಾಕಿಕೊಂಡು, ಸೀಟಿನ ತುದಿಗೆ ಬಂದು ಕೂತಳು.

ನಾನು ಆ ಚಿತ್ರವನ್ನು ನೋಡುತ್ತಿದ್ದದ್ದು ಅದೇ ಮೊದಲು. ಆದರೆ ಎಲ್ಲವೂ ಅಮ್ಮ ಹೇಳಿದ ಹಾಗೇ ಇತ್ತು. ಮಂಜು ಕವಿದ ದಾರಿ, ಟಪಾಲು ಚೀಲ ಹೊತ್ತು ಬರುವ ಮುದುಕ, ಕುಂಟು ಮೇಷ್ಟ್ರ ಕೊಡೆ. ಆ ಹೆಂಗಸು ಬಂದಳು. ತಲೆತುಂಬ ಸೆರಗು, ತಗ್ಗಿಸಿದ ಕಣ್ಣು. ಗಂಡನ ಮೇಜಿನ ಮೇಲೆ ಕಾಗದ ಜೋಡಿಸಿದಳು. ಒಂದು ತಲೆಕೆಳಗಾಗಿತ್ತು. ಮಾತಾಡುತ್ತಲೇ, ಬೆರಳ ತುದಿಯಲ್ಲಿ ಅದನ್ನು ತಿರುಗಿಸಿ ನೆಟ್ಟಗಿಟ್ಟಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಯಿತು. ಮೊದಲೇ ಗೊತ್ತಿಲ್ಲದಿದ್ದರೆ ನಾನು ಖಂಡಿತ ಗಮನಿಸುತ್ತಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದ ಇಪ್ಪತ್ತನಾಲ್ಕು ವರ್ಷದ ಹೆಂಗಸು, ತೊಡೆಯ ಮೇಲೆ ಕೂಸು ಇಟ್ಟುಕೊಂಡು ಅದನ್ನು ಕಂಡಿದ್ದಳು.

ಪರದೆಯ ಮೇಲೆ 'ವಿಶ್ರಾಂತಿ' ಎಂದು ಬಂದಾಗ ಸಂಘಟಕರು ಕಾಫಿಗೆ ಬಿಟ್ಟರು. ಅಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟಳು. ಆಮೇಲೆ ನೆನಪಾಗಿ ಮತ್ತೆ ಕೂತಳು.

"ಇಲ್ಲೀಗಂಟ ನೋಡಿದ್ದೆ ಕಣೆ," ಎಂದಳು. "ನಂಗೀಗ್ಲೂ ಆ ಹೆಂಗಸಿನ ಮ್ಯಾಲೇ ಅನುಮಾನ. ಆದ್ರೆ ನಿಮ್ಮಪ್ಪ ಅಲ್ಲ ಅಂದ್ಬುಟ್ರಲ್ಲ."

ಹೇಳಿಬಿಡಲೇ ಎನ್ನಿಸಿತು. ನೀನು ಸರಿ, ಅವರು ಸುಳ್ಳು ಎಂದು ಈಗಲೇ ಹೇಳಿದರೆ, ಪರದೆ ನೋಡಿ ಒಮ್ಮೆಲೇ ಎದೆಗೆ ಹೊಡೆಸಿಕೊಳ್ಳುವುದು ತಪ್ಪುತ್ತದೆ. ಆದರೆ ಹಾಗೆ ಹೇಳಿದರೆ ನಾನೂ ಆ ಪ್ರಾಧ್ಯಾಪಕರ ಜಾತಿಯವಳೇ ಆಗುತ್ತೇನೆ. ಈ ಉಳಿದರ್ಧವನ್ನು ಅವಳಿಂದ ಇನ್ನೊಬ್ಬರು ಕಿತ್ತುಕೊಳ್ಳಬಾರದು, ಪ್ರೀತಿಗಾದರೂ ಕಿತ್ತುಕೊಳ್ಳಬಾರದು. ಬಾಯಿ ಕಚ್ಚಿಕೊಂಡೆ. ಪಕ್ಕದ ಹೆಂಗಸೊಬ್ಬರು ಕಾಫಿ ಲೋಟ ಹಿಡಿದು ನನ್ನ ಕಿವಿಯ ಹತ್ತಿರ ಬಾಗಿ, ಮೆಲ್ಲಗೆ, "ಅವಳೇ ಅಂತ ಗೊತ್ತಿದ್ರೂ ಎಷ್ಟ್ ಚೆನ್ನಾಗಿದೆ ಅಲ್ವಾ," ಎಂದು ಶುರು ಮಾಡಿದರು. ನಾನು ನೋಡಿದ ನೋಟಕ್ಕೆ ಅವರು ಲೋಟದ ಸಮೇತ ಎರಡು ಸಾಲು ಹಿಂದಕ್ಕೆ ಹೋದರು. ಅಮ್ಮನಿಗೆ, ಮೆಷಿನ್ ಕುಯ್ಯ್ ಅನ್ನುತ್ತಿದೆ, ಚಿತ್ರ ಶುರುವಾಗುವವರೆಗೆ ತೆಗೆದಿಡು ಎಂದು ಸುಳ್ಳು ಹೇಳಿ ತೆಗೆಸಿದೆ. ಕಾಫಿಯನ್ನು ನಾನೇ ತಂದುಕೊಟ್ಟೆ, ಅವಳ ಪಕ್ಕ ಕಾವಲು ನಿಂತೆ.

ಎರಡನೆಯ ಅರ್ಧದಲ್ಲಿ ನಾನು ಪರದೆ ನೋಡಿದ್ದು ಕಡಿಮೆ. ಅಮ್ಮನ ಮುಖವನ್ನೇ ನೋಡುತ್ತಿದ್ದೆ. ಕಂಪೌಂಡರ್ ಸತ್ತ. ಮೇಷ್ಟ್ರನ್ನು ಹಿಡಿದು ಬಿಟ್ಟರು. ಕೊನೆಗೆ ತರುಣ ಇನ್ಸ್‌ಪೆಕ್ಟರ್ ಪೋಸ್ಟ್‌ಮಾಸ್ಟರನ ಮನೆಗೆ ಬಂದು, ಕಾಫಿ ಕೇಳಿ, ಜೇಬಿನಿಂದ ಒಂದು ಕಾಗದ ತೆಗೆದು, ಬೇಕೆಂದೇ ತಲೆಕೆಳಗಾಗಿ ಮೇಜಿನ ಮೇಲಿಟ್ಟ. ಹೆಂಗಸು ಕಾಫಿ ತಂದಳು. ಲೋಟ ಇಡಲು ಜಾಗ ಮಾಡುತ್ತಾ, ತನಗರಿವಿಲ್ಲದೆ ಕಾಗದವನ್ನು ತಿರುಗಿಸಿದಳು.

"ನೋಡ್ದ್ಯಾ!" ಎಂದಳು ಅಮ್ಮ. ಕಿವಿ ಮಂದವಾದವರಿಗೆ ತಮ್ಮ ದನಿಯ ಅಳತೆ ತಿಳಿಯುವುದಿಲ್ಲ. ಇಡೀ ಸಭಾಂಗಣಕ್ಕೆ ಕೇಳಿಸಿತು. ಯಾರೋ ಶ್ ಎಂದರು. ಅಮ್ಮನ ಮುಖ ಪರದೆಯ ಬೆಳಕಿನಲ್ಲಿ ಎಳೆ ಹುಡುಗಿಯ ಮುಖದ ಹಾಗಿತ್ತು. ನಾಲ್ಕೈದು ನಿಮಿಷ ಹಾಗೇ ಇತ್ತು. ಆಮೇಲೆ ಅದು ಒಂದೊಂದೇ ಗೆರೆ ಮುಚ್ಚಿಕೊಳ್ಳುತ್ತಾ ಹೋಯಿತು. ಚಿತ್ರ ಮುಗಿದು ಲೈಟ್ ಹತ್ತಿದಾಗ ಅವಳು ಖಾಲಿ ಪರದೆಯನ್ನು ನೋಡುತ್ತಾ ಕೂತಿದ್ದಳು.

ಬಾಗಿಲ ಬಳಿ ಪ್ರಾಧ್ಯಾಪಕರು ಸಿಕ್ಕಿದರು. ದೊಡ್ಡ ಮನಸ್ಸು ಮಾಡಿ ಅಮ್ಮನ ಮುಂದೆ ಬಾಗಿ, "ಹೇಗಿತ್ತಮ್ಮ ಪಿಕ್ಚರು?" ಎಂದರು.

"ನಾನು ಇಂಟರ್‌ವಲ್‌ನಲ್ಲೇ ಹೇಳ್ಬುಟ್ಟಿದ್ದೆ ಸ್ವಾಮಿ, ಅವಳೇ ಅಂತ," ಎಂದಳು ಅಮ್ಮ.

ಅವರು ತಮ್ಮ ಭಾಷಣದ ಪ್ರಭಾವ ಎಂದುಕೊಂಡು ಸಂತೋಷದಿಂದ ತಲೆಯಾಡಿಸಿದರು. ಜಗಳ ಆಡುವ ಚೈತನ್ಯ ನನ್ನಲ್ಲಿ ಇನ್ನೂ ಇತ್ತು, ಆದರೆ ಅದನ್ನು ಬೇರೆ ಕಡೆಗೆ ಉಳಿಸಿಕೊಂಡಿದ್ದೆ.

ಆಟೋ ಹತ್ತಿದ ಕೂಡಲೇ ಶುರು ಮಾಡಿದೆ. ಅಪ್ಪ ಹೀಗೆ ಮಾಡಬಹುದಾ, ಒಂದು ಸಿನಿಮಾದ ಕೊನೆಗೂ ಇಷ್ಟು ಸಣ್ಣತನವಾ, ತಮ್ಮನ ಕಾಮಾಲೆಯ ದಿನವಾದರೂ ನಾಚಿಕೆ ಆಗಬೇಡವಾ ಎಂದೆಲ್ಲ. ಬದುಕಿದ್ದಾಗ ಅವರೆದುರು ಎತ್ತದ ದನಿಯನ್ನು ಆ ದಿನ ಎತ್ತಿದೆ. ಅಮ್ಮ ಆಟೋದ ಕಂಬಿ ಹಿಡಿದು ರಸ್ತೆ ನೋಡುತ್ತಿದ್ದಳು. ಕೊನೆಗೆ ನನ್ನ ಸಿಟ್ಟು ನನ್ನ ಕಡೆಗೇ ತಿರುಗಿತು.

"ನಂದೇ ತಪ್ಪಮ್ಮ. ಆವತ್ತು ನಾನು ಅಷ್ಟು ಅಳದೇ ಇದ್ದಿದ್ರೆ ನೀನು ಆವತ್ತೇ ಪೂರ್ತಿ ನೋಡಿರ್ತಿದ್ದೆ. ಅವರಿಗೆ ಸುಳ್ಳು ಹೇಳೋಕೆ ದಾರಿನೇ ಇರ್ತಿರ್ಲಿಲ್ಲ."

ಅಮ್ಮ ಕಂಬಿಯಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು.

"ನೀನೆಲ್ಲಿ ಅತ್ತೆ?" ಎಂದಳು. "ನಿದ್ದೆ ಮಾಡ್ತಿದ್ದೆ. ಮನೆಗೆ ಬರೋಗಂಟ ಎದ್ದೇ ಇಲ್ಲ."

ಆಟೋದ ಸದ್ದಿಗೆ ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದು ಅವಳ ಕಡೆ ಬಾಗಿದೆ.

"ಇಂಟರ್‌ವಲ್‌ನಲ್ಲಿ ನಾನು ಹಿಂಗಿಂಗೆ, ಕಾಗದ ತಿರುಗಿಸ್ತಾಳೆ, ಅವಳೇ ಅಂದೆ. ನಿಮ್ಮಪ್ಪನ ಸ್ನೇಹಿತ್ರು, ಭಲೇ, ನಮ್ಮಿಬ್ರಿಗೂ ಹೊಳೀಲಿಲ್ಲ, ನಿಮ್ಮನೆಯೋರು ನಿಮಗಿಂತ ಚುರುಕು ಕಣಯ್ಯ ಅಂದ್ಬುಟ್ರು. ನಿಮ್ಮಪ್ಪನ ಮುಖ ಸಣ್ಣಗಾಯ್ತು. ಮಗು ಎದ್ರೆ ಎಲ್ರುಗೂ ತೊಂದ್ರೆ, ನೀನು ಹೊರಗೇ ಕೂತಿರು ಅಂದ್ರು. ಕೂತಿದ್ದೆ."

"ಮತ್ತೆ ನಾನು ಅತ್ತೆ ಅಂತ..."

"ನಾನೇ ಅಂದಿದ್ದು. ಮನೇಲಿ ನಮ್ಮತ್ತೆ, ನಿಮ್ಮಪ್ಪನ ತಾಯಿ, ಕೇಳುದ್ರು, ಯಾಕ್ ಪೂರ್ತಿ ನೋಡ್ಲಿಲ್ಲ ಅಂತ. ಗಂಡ ಹೊರಗೆ ಕೂರ್ಸುದ್ರು ಅನ್ನಕಾಯ್ತದಾ? ಮಗು ಅತ್ತುಬುಡ್ತು ಅಂದೆ. ನಿಮ್ಮಪ್ಪ ಪಕ್ಕದಲ್ಲೇ ನಿಂತಿದ್ರು, ಹೂಂ ಅಂದ್ರು. ಎಳೇ ಕೂಸು, ಅದ್ರ ಮ್ಯಾಲೆ ಹೇಳುದ್ರೆ ಯಾರ್ಗೂ ಬೇಜಾರಾಗಲ್ಲ ಅಂದ್ಕೊಂಡೆ."

ಹಾಗೆಂದು ಅಮ್ಮ ಮೆಲ್ಲಗೆ ಮೆಷಿನ್ ತೆಗೆದು, ಕರ್ಚೀಫಿನಲ್ಲಿ ಸುತ್ತಿ, ಪರ್ಸಿನೊಳಗಿಟ್ಟು ಜಿಪ್ ಎಳೆದಳು. ನಾನು ಶ್ರೀರಾಂಪುರ ಬರುವವರೆಗೂ, ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದರೂ ಬಿಡದೆ, ಸಿಟ್ಟಿಗೆ ಬಾಯಿ ಬಿಟ್ಟು ಅತ್ತೆ.